ಬಿಸಿಯ ಸುಂಕ, ತಂಪಿನ ಬೆಲೆ

ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಈ ಸಲವೂ ಬಂದಿದೆ. ‘ಫ್ರಿಜ್ ಬಾಗಿಲು ತೆರೆದಿಟ್ಟರೆ ಅಡುಗೆಮನೆ ತಂಪಾಗಬೇಕಲ್ಲವೇ? ಮತ್ತೆ ಅಮ್ಮ ಯಾಕೆ ಬೈಯುತ್ತಾಳೆ?’ ಎಂದು ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ. ಅದೇ ಕಂತೆಯಲ್ಲಿ ಪಿಯುಸಿ ಓದುವ ಹುಡುಗನೊಬ್ಬನ ಪತ್ರವೂ ಇದೆ. ಅವನದು ಸ್ವಲ್ಪ ಸಿಟ್ಟಿನ ಪ್ರಶ್ನೆ: ‘ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಮೂರನೇ ಒಂದು ಪಾಲೂ ಗಾಡಿ ಓಡಿಸಲು ಸಿಗುವುದು ಕಷ್ಟವಂತೆ. ಉಳಿದದ್ದೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದಂತೆ. ಇಷ್ಟು ವರ್ಷ ಎಂಜಿನಿಯರುಗಳು ಏನು ಮಾಡುತ್ತಿದ್ದರು? ನೂರಕ್ಕೆ ನೂರು ಕೆಲಸ ಕೊಡುವ ಎಂಜಿನ್ ಯಾಕಿಲ್ಲ?’

ಒಂದು ಅಡುಗೆಮನೆಯ ಪ್ರಶ್ನೆ, ಇನ್ನೊಂದು ಗ್ಯಾರೇಜಿನ ಪ್ರಶ್ನೆ. ಎರಡಕ್ಕೂ ಉತ್ತರ ಮಾತ್ರ ಒಂದೇ ಕಡೆ ಇದೆ. ಇನ್ನೂರು ವರ್ಷಗಳ ಹಿಂದೆ ಪ್ಯಾರಿಸಿನಲ್ಲಿ 28 ವರ್ಷದ ಯುವಕನೊಬ್ಬ ಬರೆದ ಪುಟ್ಟ ಪುಸ್ತಕದಲ್ಲಿ. ಆ ಪುಸ್ತಕದ ತಿರುಳನ್ನು ಈ ವಾರ ನೀವೇ ಲೆಕ್ಕ ಮಾಡಿ ನೋಡಬಹುದು. ಪೆನ್ಸಿಲು, ಹಾಳೆ ಪಕ್ಕದಲ್ಲಿಟ್ಟುಕೊಳ್ಳಿ. ಕೂಡಿಸುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ನೀರಿನ ಗಾಲಿಯಿಂದ ಬೆಂಕಿಯ ಯಂತ್ರಕ್ಕೆ

ಯುವಕನ ಹೆಸರು ಸಾದಿ ಕಾರ್ನೊ. ಹುಟ್ಟಿದ್ದು 1796ರ ಜೂನ್ 1ರಂದು. ಫ್ರಾನ್ಸಿನ ಹುಡುಗನಿಗೆ ಸಾದಿ ಎಂಬ ಹೆಸರು ಹೇಗೆ ಬಂತು ಎನ್ನುತ್ತೀರಾ? ಅದು ಪರ್ಷಿಯಾದ ಪ್ರಸಿದ್ಧ ಕವಿಯ ಹೆಸರು. ಅವನ ತಂದೆ ಲಾಜಾರ್ ಕಾರ್ನೊ ಮೆಚ್ಚಿ ಇಟ್ಟದ್ದು. ತಂದೆ ಸಾಮಾನ್ಯನಲ್ಲ. ಗಣಿತಜ್ಞ, ಸೇನೆಯ ಎಂಜಿನಿಯರ್, ಒಂದು ಕಾಲಕ್ಕೆ ಫ್ರಾನ್ಸಿನ ಯುದ್ಧಮಂತ್ರಿ. ಯಂತ್ರಗಳ ಬಗ್ಗೆ 1783ರಲ್ಲೇ ಪುಸ್ತಕ ಬರೆದಿದ್ದ. ಯಂತ್ರದ ಒಳಗೆ ಎಲ್ಲೂ ದಡ್ಡನೆ ಬಡಿತವಾಗಬಾರದು, ಬಡಿದಷ್ಟೂ ಶಕ್ತಿ ದಂಡ ಎಂಬುದು ಅವನ ಪಾಠ. ನೀರಿನ ಗಾಲಿಯ ಹಲ್ಲೆಗೆ ನೀರು ರಪ್ಪೆಂದು ಅಪ್ಪಳಿಸುವುದಕ್ಕಿಂತ, ಮೆಲ್ಲಗೆ ತುಂಬಿ ಮೆಲ್ಲಗೆ ಇಳಿದರೆ ಹೆಚ್ಚು ಕೆಲಸ ಸಿಗುತ್ತದೆ.

ಮಗ ದೊಡ್ಡವನಾಗುವ ಹೊತ್ತಿಗೆ ನೀರಿನ ಗಾಲಿಗಳ ಕಾಲ ಹಿಂದೆ ಸರಿದು ಹಬೆಯಂತ್ರಗಳ ಕಾಲ ಬಂದಿತ್ತು. ಇಂಗ್ಲೆಂಡಿನಲ್ಲಿ ಥಾಮಸ್ ನ್ಯೂಕಮೆನ್ 1712ರಲ್ಲಿ ಗಣಿಯ ನೀರೆತ್ತುವ ಹಬೆಯಂತ್ರ ನಿಲ್ಲಿಸಿದ್ದ. ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ ಸುಧಾರಣೆಯಿಂದ ಅದೇ ಕೆಲಸಕ್ಕೆ ಬಹಳ ಕಡಿಮೆ ಕಲ್ಲಿದ್ದಲು ಸಾಕಾಯಿತು. ಗಣಿ, ಗಿರಣಿ, ಹಡಗು ಎಲ್ಲ ಕಡೆ ಹಬೆಯದೇ ಕಾರುಬಾರು. ನೆಪೋಲಿಯನ್ ಸೋತ ಮೇಲೆ ಸೊರಗಿದ್ದ ಫ್ರಾನ್ಸಿನಲ್ಲಿ ಕುಳಿತು ಸಾದಿ ಇದನ್ನೆಲ್ಲ ನೋಡುತ್ತಿದ್ದ. ಇಂಗ್ಲೆಂಡಿನ ನಿಜವಾದ ಬಲ ಈ ಯಂತ್ರದಲ್ಲಿದೆ ಎಂದು ಅವನಿಗೆ ಅನಿಸಿತು.

ಯಂತ್ರ ಕಟ್ಟುವವರು ನೂರಾರು ಮಂದಿ ಇದ್ದರು. ಒಬ್ಬ ಹಬೆಯ ಒತ್ತಡ ಹೆಚ್ಚಿಸಿ ನೋಡುತ್ತಿದ್ದ. ಇನ್ನೊಬ್ಬ ನೀರಿನ ಬದಲು ಮದ್ಯಸಾರದ ಆವಿ ಬಳಸಿದರೆ ಹೇಗೆ ಎನ್ನುತ್ತಿದ್ದ. ಎಲ್ಲರೂ ತಮ್ಮ ಯಂತ್ರವನ್ನು ಇನ್ನಷ್ಟು ಚೆನ್ನಾಗಿ ಮಾಡಲು ಹೆಣಗುತ್ತಿದ್ದರೇ ಹೊರತು, ಎಷ್ಟು ಚೆನ್ನಾಗಿ ಮಾಡಬಹುದು ಎಂದು ಯಾರೂ ಕೇಳಿರಲಿಲ್ಲ. ಅದಕ್ಕೆ ಕೊನೆ ಇದೆಯೇ? ಇದ್ದರೆ ಅದನ್ನು ನಿರ್ಧರಿಸುವುದು ಯಾವುದು? ಹಬೆಯೇ, ಕೊಳವೆಯೇ, ಕಮ್ಮಾರನ ಕೈಚಳಕವೇ? ಸಾದಿ ಕೇಳಿದ್ದು ಈ ಪ್ರಶ್ನೆಯನ್ನು. ಉತ್ತರವನ್ನು 1824ರಲ್ಲಿ ತನ್ನದೇ ದುಡ್ಡಿನಲ್ಲಿ ಪುಸ್ತಕ ಮಾಡಿದ. ಬೆಂಕಿಯಿಂದ ಸಿಗುವ ಚಾಲಕ ಶಕ್ತಿಯ ಬಗ್ಗೆ ಚಿಂತನೆಗಳು ಎಂಬುದು ಅದರ ಹೆಸರಿನ ಅರ್ಥ.

ತಗ್ಗಿಲ್ಲದೆ ಜಲಪಾತವಿಲ್ಲ

ಕಾರ್ನೊ ಬಿಸಿಯನ್ನು ಜಲಪಾತಕ್ಕೆ ಹೋಲಿಸಿದ. ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಲಿಂಗನಮಕ್ಕಿಯಲ್ಲಿ ಎಷ್ಟೇ ನೀರು ತುಂಬಿರಲಿ, ಅದು ಇಳಿಯಲು ಕೆಳಗೊಂದು ಕಣಿವೆ ಇಲ್ಲದಿದ್ದರೆ ಶರಾವತಿಯಿಂದ ಒಂದು ಬಲ್ಬೂ ಉರಿಯುವುದಿಲ್ಲ. ಕೆಲಸ ಮಾಡಿಸುವುದು ಬರೀ ನೀರಲ್ಲ, ನೀರು ಮೇಲಿನಿಂದ ಕೆಳಕ್ಕೆ ಇಳಿಯುವುದು. ಹಾಗೆಯೇ ಬಿಸಿಯೂ. ಬಿಸಿಯಾದ ಕಡೆಯಿಂದ ತಣ್ಣಗಿರುವ ಕಡೆಗೆ ಅದು ಇಳಿಯುವಾಗ ದಾರಿಯಲ್ಲಿ ಯಂತ್ರವೊಂದನ್ನು ನಿಲ್ಲಿಸಿದರೆ ಕೆಲಸ ಸಿಗುತ್ತದೆ. ಬಿಸಿ ಇದ್ದು, ಇಳಿಯಲು ತಣ್ಣನೆಯ ಜಾಗವೇ ಇಲ್ಲದಿದ್ದರೆ ಏನೂ ಸಿಗುವುದಿಲ್ಲ.

ಹೋಲಿಕೆಯಲ್ಲಿ ಒಂದು ವ್ಯತ್ಯಾಸವಿದೆ. ಜಲಪಾತದಲ್ಲಿ ಮೇಲಿಂದ ಹೊರಟಷ್ಟೇ ನೀರು ಕೆಳಗೆ ಬಂದು ಸೇರುತ್ತದೆ. ಬಿಸಿಯ ವಿಷಯದಲ್ಲಿ ಹಾಗಲ್ಲ. ಹೊರಟ ಬಿಸಿಯಲ್ಲಿ ಒಂದು ಪಾಲು ಕೆಲಸವಾಗಿ ಬದಲಾಗುತ್ತದೆ, ಉಳಿದದ್ದು ಮಾತ್ರ ಕೆಳಗೆ ತಲುಪುತ್ತದೆ. ಪುಸ್ತಕ ಬರೆಯುವಾಗ ಕಾರ್ನೊ ಬಿಸಿಯೂ ನೀರಿನಂತೆ ಒಂದು ದ್ರವ ಎಂದೇ ನಂಬಿದ್ದ. ಆಗ ಬಹಳ ಮಂದಿಯ ನಂಬಿಕೆ ಅದಾಗಿತ್ತು. ಆಮೇಲೆ ತನ್ನ ಟಿಪ್ಪಣಿಗಳಲ್ಲಿ, ಬಿಸಿ ಎಂದರೆ ದ್ರವವಲ್ಲ, ಕಣಗಳ ಚಲನೆ ಎಂಬ ನಿರ್ಣಯಕ್ಕೆ ತಾನೇ ಬಂದ. ವಿಶೇಷವೇನೆಂದರೆ ಆ ಹಳೆಯ ನಂಬಿಕೆ ಬಿದ್ದುಹೋದರೂ ಅವನ ಮುಖ್ಯ ತೀರ್ಮಾನ ಅಲುಗಲಿಲ್ಲ.

ಕೆಳಗೆ ತಲುಪುವ ಆ ಪಾಲನ್ನು ನಾನು ಸುಂಕ ಎಂದು ಕರೆಯುತ್ತೇನೆ. ಬಿಸಿಯಿಂದ ಕೆಲಸ ತೆಗೆಯುವ ಪ್ರತಿ ಯಂತ್ರವೂ ತಣ್ಣನೆಯ ಕಡೆಗೆ ಇಷ್ಟು ಬಿಸಿಯನ್ನು ಕಟ್ಟಲೇಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಅವನು ಸುಂಕ ಬಿಡುತ್ತಾನೆಯೇ? ಇವನೂ ಬಿಡುವುದಿಲ್ಲ.

ಯಾರೂ ದಾಟಲಾಗದ ಗೆರೆ

ಈಗ ಮನಸ್ಸಿನಲ್ಲೇ ಒಂದು ಆದರ್ಶ ಎಂಜಿನ್ ಕಟ್ಟೋಣ. ಒಂದು ಸಿಲಿಂಡರ್, ಅದರೊಳಗೆ ಗಾಳಿ, ಮೇಲೆ ಜಾರುವ ಪಿಸ್ಟನ್. ಎಲ್ಲೂ ಉಜ್ಜಾಟವಿಲ್ಲ. ಮೊದಲು ಸಿಲಿಂಡರನ್ನು ಬಿಸಿಯ ಮೂಲಕ್ಕೆ ತಾಗಿಸುತ್ತೇವೆ. ಗಾಳಿ ಬಿಸಿಯನ್ನು ಹೀರುತ್ತ ನಿಧಾನವಾಗಿ ಹಿಗ್ಗಿ ಪಿಸ್ಟನನ್ನು ತಳ್ಳುತ್ತದೆ. ಆಮೇಲೆ ಬಿಸಿಯ ಮೂಲದಿಂದ ಬಿಡಿಸಿ, ಬಿಸಿ ಒಳಗೂ ಬರದಂತೆ ಹೊರಗೂ ಹೋಗದಂತೆ ಮುಚ್ಚುತ್ತೇವೆ. ಗಾಳಿ ಇನ್ನಷ್ಟು ಹಿಗ್ಗಿ, ಹಿಗ್ಗಿದ್ದರಿಂದಲೇ ತಣ್ಣಗಾಗುತ್ತದೆ. ಮೂರನೆಯದಾಗಿ ತಣ್ಣನೆಯ ಕಡೆಗೆ ತಾಗಿಸಿ ಗಾಳಿಯನ್ನು ಮೆಲ್ಲಗೆ ಅದುಮುತ್ತೇವೆ. ಆಗ ಸುಂಕದ ಬಿಸಿ ಅತ್ತ ಹೋಗುತ್ತದೆ. ಕೊನೆಗೆ ಮತ್ತೆ ಮುಚ್ಚಿ ಅದುಮಿದರೆ ಗಾಳಿ ಬಿಸಿಯೇರಿ ಮೊದಲಿದ್ದ ಸ್ಥಿತಿಗೆ ಬರುತ್ತದೆ. ಇದೇ ಕಾರ್ನೊ ಚಕ್ರ. ತಂದೆಯ ಪಾಠವನ್ನು ಮಗ ಬೆಂಕಿಗೆ ಹೊಂದಿಸಿದ ರೀತಿ ನೋಡಿ. ನೀರು ಗಾಲಿಗೆ ಅಪ್ಪಳಿಸಬಾರದು ಎಂದು ತಂದೆ ಹೇಳಿದ. ಬಿಸಿಯು ಬಹಳ ಬಿಸಿಯಾದದ್ದರಿಂದ ಬಹಳ ತಣ್ಣಗಿರುವುದಕ್ಕೆ ಸುಮ್ಮನೆ ಧುಮುಕಬಾರದು ಎಂದು ಮಗ ಹೇಳಿದ.

ಈ ಎಂಜಿನ್ನಿನ ಸೊಗಸು ಏನೆಂದರೆ, ಇದನ್ನು ಹಿಂದುಮುಂದಾಗಿಯೂ ಓಡಿಸಬಹುದು. ಮುಂದಕ್ಕೆ ಓಡಿದಾಗ ಅದು ಬಿಸಿಯ ಕಡೆಯಿಂದ 100 ಜೂಲ್ ತೆಗೆದುಕೊಂಡು, 40 ಜೂಲ್ ಕೆಲಸ ಕೊಟ್ಟು, 60 ಜೂಲ್ ಸುಂಕ ಕಟ್ಟುತ್ತದೆ ಎಂದಿಟ್ಟುಕೊಳ್ಳಿ. ಹಿಂದಕ್ಕೆ ಓಡಿಸಿದರೆ ನಾವು 40 ಜೂಲ್ ಕೆಲಸ ಕೊಡಬೇಕು. ಅದು ತಣ್ಣನೆಯ ಕಡೆಯಿಂದ 60 ಜೂಲ್ ಬಿಸಿಯನ್ನು ಮೇಲೆತ್ತಿ, ಬಿಸಿಯ ಕಡೆಗೆ 100 ಜೂಲ್ ಸುರಿಯುತ್ತದೆ.

ಈಗ ಯಾರೋ ಬಂದು, ‘ಅದೇ ಎರಡು ಕಡೆಗಳ ನಡುವೆ ನನ್ನ ಎಂಜಿನ್ 100 ಜೂಲಿಗೆ 50 ಜೂಲ್ ಕೆಲಸ ಕೊಡುತ್ತದೆ’ ಎನ್ನುತ್ತಾನೆ. ಒಪ್ಪಿಕೊಂಡು ನೋಡೋಣ. ಅವನ ಎಂಜಿನ್ ಕೊಟ್ಟ 50ರಲ್ಲಿ 40ನ್ನು ಬಳಸಿ ನಮ್ಮ ಎಂಜಿನ್ನನ್ನು ಹಿಂದಕ್ಕೆ ಓಡಿಸೋಣ. ಬಿಸಿಯ ಕಡೆಯಿಂದ 100 ಹೋಯಿತು, 100 ವಾಪಸು ಬಂತು. ಅಲ್ಲಿ ಲೆಕ್ಕ ಚುಕ್ತಾ. ತಣ್ಣನೆಯ ಕಡೆಗೆ ಅವನು 50 ಸುರಿದ, ನಾವು 60 ಎತ್ತಿದೆವು. ಅಲ್ಲಿಂದ 10 ಜೂಲ್ ಕಡಿಮೆಯಾಯಿತು. ನಮ್ಮ ಕೈಯಲ್ಲಿ 10 ಜೂಲ್ ಕೆಲಸ ಉಳಿಯಿತು. ಅಂದರೆ ಏನೂ ಉರಿಸದೆ, ತಣ್ಣನೆಯ ಜಾಗದ ಬಿಸಿಯನ್ನಷ್ಟೇ ಕುಡಿದು ಯಂತ್ರ ಓಡಿತು! ಇದು ನಿಜವಾಗಿದ್ದರೆ ಮಂಗಳೂರಿನಿಂದ ಹೊರಟ ಹಡಗು ಒಂದು ತೊಟ್ಟು ಡೀಸೆಲ್ ಇಲ್ಲದೆ, ಕಡಲ ನೀರಿನ ಬಿಸಿಯನ್ನು ಹೀರುತ್ತಲೇ ಆಫ್ರಿಕಾ ಮುಟ್ಟಬೇಕಿತ್ತು. ಅಂಥ ಹಡಗನ್ನು ಯಾರೂ ಕಂಡಿಲ್ಲ. ಪ್ರಕೃತಿಯಲ್ಲಿ ಅದು ನಡೆಯುವುದಿಲ್ಲ. ಆದ್ದರಿಂದ ಆದರ್ಶ ಎಂಜಿನ್ನನ್ನು ಮೀರಿಸುವ ಎಂಜಿನ್ ಇರಲಾರದು. ಒಳಗೆ ಹಬೆಯಿರಲಿ, ಗಾಳಿಯಿರಲಿ, ಮದ್ಯಸಾರವಿರಲಿ, ಗೆರೆ ಒಂದೇ.

ಗೆರೆಯನ್ನು ಅಳೆಯುವ ಲೆಕ್ಕ

ಗೆರೆ ಎಲ್ಲಿದೆ ಎಂದು ಹೇಳಲು ಎರಡೇ ಅಂಕಿ ಬೇಕು. ಬಿಸಿಯ ಕಡೆಯ ತಾಪಮಾನ, ತಣ್ಣನೆಯ ಕಡೆಯ ತಾಪಮಾನ. ಆದರೆ ಎರಡನ್ನೂ ಕೆಲ್ವಿನ್‌ನಲ್ಲಿ ಬರೆಯಬೇಕು. ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಕೆಲ್ವಿನ್ ಸಿಗುತ್ತದೆ. ಸೂತ್ರ ಇದು:

ಆದರ್ಶ ದಕ್ಷತೆ = 1 − (ತಣ್ಣನೆಯ ಕಡೆಯ ತಾಪಮಾನ ÷ ಬಿಸಿಯ ಕಡೆಯ ತಾಪಮಾನ)

ಒಂದು ಉದಾಹರಣೆ. ಬಿಸಿಯ ಕಡೆ 227 ಡಿಗ್ರಿ ಸೆಲ್ಸಿಯಸ್, ತಣ್ಣನೆಯ ಕಡೆ 27. ಕೆಲ್ವಿನ್‌ನಲ್ಲಿ 500 ಮತ್ತು 300. ಮುನ್ನೂರನ್ನು ಐನೂರರಿಂದ ಭಾಗಿಸಿದರೆ 0.6. ಒಂದರಿಂದ ಕಳೆದರೆ 0.4. ಅಂದರೆ ನೂರಕ್ಕೆ 40 ಕೆಲಸ, 60 ಸುಂಕ. ಮೇಲೆ ನಾವು ಓಡಿಸಿದ್ದು ಇದೇ ಎಂಜಿನ್ನನ್ನು.

ಸೆಲ್ಸಿಯಸ್ ಅಂಕಿಗಳನ್ನೇ ಹಾಕಿದರೆ ಏನಾಗುತ್ತದೆ? 27ನ್ನು 227ರಿಂದ ಭಾಗಿಸಿ ಒಂದರಿಂದ ಕಳೆದರೆ ನೂರಕ್ಕೆ 88 ಎಂದು ಬರುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ಸೆಲ್ಸಿಯಸ್‌ನ ಸೊನ್ನೆ ಎಂದರೆ ನೀರು ಹೆಪ್ಪುಗಟ್ಟುವ ಜಾಗಕ್ಕೆ ನಾವು ಇಟ್ಟುಕೊಂಡ ಗುರುತು, ಅಷ್ಟೇ. ಮಹಡಿಯ ಮೇಲೆ ನಿಂತು ಅಲ್ಲಿಂದಲೇ ಎತ್ತರ ಅಳೆದಂತೆ. ಕೆಲ್ವಿನ್ ಅಳೆಯುವುದು ನಿಜವಾದ ನೆಲದಿಂದ. ಆ ನೆಲವೇ ಮೈನಸ್ 273 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ಕೆಳಗೆ ತಾಪಮಾನವೇ ಇಲ್ಲ. ಈ ಅಳತೆಗೋಲನ್ನು 1848ರಲ್ಲಿ ಕೊಟ್ಟವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು. ಅದನ್ನು ಕಟ್ಟಲು ಅವನು ಬಳಸಿದ್ದು ಕಾರ್ನೊನ ವಿಚಾರವನ್ನೇ.

ಸೂತ್ರವನ್ನು ಇನ್ನೊಮ್ಮೆ ನೋಡಿ. ಸುಂಕ ಪೂರ್ತಿ ಮಾಫಿಯಾಗಬೇಕಾದರೆ ತಣ್ಣನೆಯ ಕಡೆ ಸೊನ್ನೆ ಕೆಲ್ವಿನ್ ಇರಬೇಕು. ಅಂಥ ಜಾಗ ಎಲ್ಲೂ ಇಲ್ಲ, ಮಾಡಲೂ ಆಗದು. ಪಿಯುಸಿ ಹುಡುಗನಿಗೆ ಉತ್ತರ ಇಲ್ಲಿದೆ. ಎಂಜಿನಿಯರುಗಳು ಸುಮ್ಮನೆ ಕುಳಿತಿರಲಿಲ್ಲಪ್ಪ. ನೂರಕ್ಕೆ ನೂರು ಎಂಬುದು ಅವರ ಕೈಯಲ್ಲಿರಲಿಲ್ಲ.

ನಮ್ಮ ಉಷ್ಣ ವಿದ್ಯುತ್ ಸ್ಥಾವರಗಳನ್ನೇ ತೆಗೆದುಕೊಳ್ಳಿ. ಕಲ್ಲಿದ್ದಲು ಉರಿಸಿ ಮಾಡುವ ಹಬೆ ಸುಮಾರು 540 ಡಿಗ್ರಿ, ಅಂದರೆ 813 ಕೆಲ್ವಿನ್ ಇರುತ್ತದೆ. ಟರ್ಬೈನ್ ತಿರುಗಿಸಿದ ಹಬೆಯನ್ನು ನೀರು ಹಾಯಿಸಿ ಮತ್ತೆ ದ್ರವ ಮಾಡುವ ಕಡೆ ಸುಮಾರು 42 ಡಿಗ್ರಿ, ಅಂದರೆ 315 ಕೆಲ್ವಿನ್. ಭಾಗಿಸಿ, ಕಳೆಯಿರಿ. ನೂರಕ್ಕೆ 61. ಗೆರೆ ಅಲ್ಲಿದೆ. ನಿಜವಾಗಿ ಸಿಗುವುದು ನೂರಕ್ಕೆ 35ರ ಆಸುಪಾಸು. ಉಜ್ಜಾಟವಿದೆ, ಹೊಗೆಯ ಜೊತೆ ಬಿಸಿ ಹೋಗುತ್ತದೆ, ನೀರು ಪೂರ್ತಿ 540 ಡಿಗ್ರಿಯಲ್ಲೇ ಬಿಸಿ ಪಡೆಯುವುದಿಲ್ಲ. ಜೊತೆಗೆ ಆದರ್ಶ ಎಂಜಿನ್ನಿನಂತೆ ಆಮೆಗತಿಯಲ್ಲಿ ಓಡಿದರೆ ಊರಿಗೆ ಕರೆಂಟು ಕೊಡುವುದು ಯಾವಾಗ? ಇಂಥ ಸ್ಥಾವರಗಳಿಗೆ ಹತ್ತಿರದಲ್ಲಿ ನೀರು ಯಾಕೆ ಬೇಕು ಎಂಬುದೂ ಈಗ ಗೊತ್ತಾಯಿತಲ್ಲ. ರಾಯಚೂರಿನದು ಕೃಷ್ಣೆಯ ದಡದಲ್ಲಿದೆ, ಉಡುಪಿ ಜಿಲ್ಲೆಯದು ಕಡಲ ಮಗ್ಗುಲಲ್ಲಿದೆ. ಹಬೆ ಮಾಡಲು ಬೇಕಾಗುವುದಕ್ಕಿಂತ ಎಷ್ಟೋ ಹೆಚ್ಚು ನೀರು ಸುಂಕದ ಬಿಸಿಯನ್ನು ಹೊತ್ತೊಯ್ಯಲು ಬೇಕು.

ಎರಡು ಅಂಕಿ ಉಳಿಸಿದ ಗಂಟು

ಈ ಲೆಕ್ಕ ಪರೀಕ್ಷೆಗೆ ಮಾತ್ರ ಎಂದುಕೊಳ್ಳಬೇಡಿ. ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಹಿರಿಯರೊಬ್ಬರು ಬಣ್ಣಬಣ್ಣದ ಕರಪತ್ರವೊಂದನ್ನು ಹಿಡಿದು ಮನೆಗೆ ಬಂದಿದ್ದರು. ಮಹಡಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇರುತ್ತದಲ್ಲ, ಅದರ ಬಿಸಿನೀರಿನಿಂದ ಕರೆಂಟು ಮಾಡುವ ಯಂತ್ರವಂತೆ. ನೀರಿನ ಬಿಸಿಯಲ್ಲಿ ನೂರಕ್ಕೆ 40 ಪಾಲು ಕರೆಂಟಾಗುತ್ತದಂತೆ. ಈಗಲೇ ನಾಲ್ಕು ಲಕ್ಷ ಹಾಕಿದರೆ ಲಾಭದಲ್ಲಿ ಪಾಲು. ನಿವೃತ್ತಿಯಾದಾಗ ಬಂದ ಹಣ ಬ್ಯಾಂಕಿನಲ್ಲಿತ್ತು. ಚೆಕ್ಕು ಬರೆಯುವುದೊಂದೇ ಬಾಕಿ.

ಜೊತೆಗೆ ಅವರ ಮೊಮ್ಮಗಳೂ ಬಂದಿದ್ದಳು. ಮೊದಲನೇ ಪಿಯುಸಿ. ಕರಪತ್ರ ತಿರುವಿಹಾಕಿ ಅವಳು ಕೇಳಿದ್ದು ಒಂದೇ ಮಾತು.

‘ತಾತ, ನೀರು ಎಷ್ಟು ಬಿಸಿ ಇರುತ್ತಂತೆ?’

‘ಎಂಬತ್ತೇಳು ಡಿಗ್ರಿ ಅಂತ ಹಾಕಿದ್ದಾರೆ ನೋಡಮ್ಮ.’

‘ಹೊರಗಡೆ ಇಪ್ಪತ್ತೇಳು ಅಂತ ಇಟ್ಟುಕೊಳ್ಳೋಣ. ಮುನ್ನೂರು ಭಾಗಿಸು ಮುನ್ನೂರ ಅರವತ್ತು.’ ಕರಪತ್ರದ ಹಿಂದೆಯೇ ಬರೆದಳು. ‘ನೂರಕ್ಕೆ ಹದಿನೇಳೂ ಬರಲ್ಲ ತಾತ. ನಲವತ್ತು ಹೇಗೆ ಬರುತ್ತೆ?’

ಹಿರಿಯರು ಅಲ್ಲಿಂದಲೇ ಕಂಪನಿಯವರಿಗೆ ಫೋನ್ ಮಾಡಿದರು. ‘ನಮ್ಮದು ಹೊಸ ತಂತ್ರಜ್ಞಾನ ಸಾರ್, ಹಳೇ ಪುಸ್ತಕದ ಸೂತ್ರ ಇದಕ್ಕೆ ಅನ್ವಯವಾಗಲ್ಲ’ ಎಂದು ಆ ಕಡೆಯವನು ಹೇಳಿದ. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಹೇಳಿದ್ದು ಇಷ್ಟೇ: ‘ಕಾರ್ನೊ ಸೂತ್ರ ಡಬ್ಬದೊಳಗೆ ಏನಿದೆ ಅಂತ ಕೇಳುವುದೇ ಇಲ್ಲ ಸಾರ್. ಎಷ್ಟು ಬಿಸಿಯಿಂದ ಎಷ್ಟು ತಣ್ಣಗಿರುವ ಕಡೆಗೆ ಅಂತ ಮಾತ್ರ ಕೇಳುತ್ತದೆ.’ ಹಣ ಬ್ಯಾಂಕಿನಲ್ಲೇ ಉಳಿಯಿತು.

ಮಹಡಿಯ ಸೋಲಾರ್ ಪ್ಯಾನೆಲ್ಲುಗಳನ್ನು ಇದರೊಂದಿಗೆ ಬೆರೆಸಬೇಡಿ. ಅವು ಬಿಸಿನೀರಿನಿಂದಲ್ಲ, ನೇರವಾಗಿ ಬೆಳಕಿನಿಂದ ಕರೆಂಟು ಮಾಡುತ್ತವೆ. ಆ ಬೆಳಕು ಹೊರಟದ್ದು ಸುಮಾರು 5,500 ಡಿಗ್ರಿ ಇರುವ ಸೂರ್ಯನ ಮೇಲ್ಮೈಯಿಂದ. ಅಲ್ಲಿ ಗೆರೆ ಬಹಳ ಮೇಲಿದೆ.

ಫ್ರಿಜ್ ಎಂಬ ಏತ

ಇನ್ನು ಅಡುಗೆಮನೆಗೆ ಬರೋಣ. ಹಿಂದಕ್ಕೆ ಓಡಿಸಿದ ಎಂಜಿನ್ ನೆನಪಿದೆಯಲ್ಲ, ತಣ್ಣನೆಯ ಕಡೆಯಿಂದ ಬಿಸಿಯನ್ನು ಎತ್ತಿ ಬಿಸಿಯ ಕಡೆಗೆ ಸುರಿದದ್ದು? ಅದೇ ಫ್ರಿಜ್. ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸ್ ಎಂಬವನು ಇಂಥ ಯಂತ್ರಕ್ಕೆ 1834ರಲ್ಲಿ ಪೇಟೆಂಟ್ ಪಡೆದ. ಇಂದಿನ ಫ್ರಿಜ್ಜಿನಲ್ಲೂ ಅದೇ ಉಪಾಯ. ಒಳಗಿನ ಕೊಳವೆಯಲ್ಲಿ ಒಂದು ದ್ರವ ಆವಿಯಾಗುತ್ತ ಹಾಲು, ತರಕಾರಿಯ ಬಿಸಿಯನ್ನು ಹೀರುತ್ತದೆ. ಮಣ್ಣಿನ ಹೂಜಿಯ ಮೈಯಿಂದ ನೀರು ಆರುತ್ತ ಒಳಗಿನ ನೀರನ್ನು ತಣ್ಣಗೆ ಮಾಡುವಂತೆಯೇ. ಹೂಜಿಯ ಆವಿ ಗಾಳಿಗೆ ಹೋಗಿಬಿಡುತ್ತದೆ. ಫ್ರಿಜ್ಜಿನ ಆವಿಯನ್ನು ಕಂಪ್ರೆಸರ್ ಹಿಡಿದು ಅದುಮುತ್ತದೆ. ಅದುಮಿದಾಗ ಬಿಸಿಯಾದ ಆವಿ ಹಿಂಬದಿಯ ಅಥವಾ ಪಕ್ಕದ ಕೊಳವೆಗಳಲ್ಲಿ ತನ್ನ ಬಿಸಿಯನ್ನು ಕೋಣೆಗೆ ಬಿಟ್ಟು ಮತ್ತೆ ದ್ರವವಾಗುತ್ತದೆ.

ಎಂಜಿನ್ ನೀರಿನ ಗಾಲಿಯಾದರೆ ಫ್ರಿಜ್ ಬಾವಿಯಿಂದ ನೀರೆತ್ತುವ ಏತ. ಬಾವಿ ಆಳವಾದಷ್ಟೂ ಒಂದು ಕೊಡ ನೀರಿಗೆ ಹೆಚ್ಚು ಬೆವರು. ಇಲ್ಲಿ ಆಳ ಎಂದರೆ ಎರಡು ತಾಪಮಾನಗಳ ನಡುವಿನ ಅಂತರ. ಒಂದು ಜೂಲ್ ಕರೆಂಟಿಗೆ ಎಷ್ಟು ಜೂಲ್ ಬಿಸಿ ಎತ್ತಬಹುದು ಎಂಬುದಕ್ಕೆ ಸೂತ್ರ ಇದು:

ಆದರ್ಶ ಕಾರ್ಯಗುಣಾಂಕ = ತಣ್ಣನೆಯ ಕಡೆಯ ತಾಪಮಾನ ÷ ಎರಡು ತಾಪಮಾನಗಳ ಅಂತರ

ಒಳಗೆ 4 ಡಿಗ್ರಿ, ಅಂದರೆ 277 ಕೆಲ್ವಿನ್. ಹಿಂದಿನ ಕೊಳವೆಯ ಬಳಿ 32 ಡಿಗ್ರಿ. ಅಂತರ 28. 277ನ್ನು 28ರಿಂದ ಭಾಗಿಸಿದರೆ ಸುಮಾರು 9.9. ಒಂದು ಜೂಲ್ ಕೊಟ್ಟರೆ ಹತ್ತಿರ ಹತ್ತು ಜೂಲ್ ಎತ್ತುತ್ತದೆ! ಇದೇನು ನೂರಕ್ಕೆ ಸಾವಿರ ದಕ್ಷತೆಯೇ ಎಂದು ಹುಬ್ಬೇರಿಸಬೇಡಿ. ಇಲ್ಲಿ ಬಿಸಿಯನ್ನು ಹುಟ್ಟಿಸುತ್ತಿಲ್ಲ, ಬರೀ ಸಾಗಿಸುತ್ತಿದ್ದೇವೆ. ಹಮಾಲಿ ತನ್ನ ತೂಕಕ್ಕಿಂತ ಹೆಚ್ಚಿನ ಮೂಟೆ ಹೊತ್ತರೆ ಅದು ಪವಾಡವಲ್ಲ. ಅದಕ್ಕೇ ಇದನ್ನು ದಕ್ಷತೆ ಎನ್ನದೆ ಕಾರ್ಯಗುಣಾಂಕ ಎನ್ನುತ್ತಾರೆ. ನಿಜವಾದ ಫ್ರಿಜ್ಜುಗಳ ಸಾಧನೆ ಈ ಗೆರೆಗಿಂತ ಎಷ್ಟೋ ಕೆಳಗಿರುತ್ತದೆ.

ಈಗ ಆರನೇ ತರಗತಿಯ ಹುಡುಗಿಯ ಪ್ರಶ್ನೆ. ಅವಳ ಮನೆಯ ಫ್ರಿಜ್ 100 ಜೂಲ್ ಕರೆಂಟು ತೆಗೆದುಕೊಂಡು ಒಳಗಿನಿಂದ 300 ಜೂಲ್ ಬಿಸಿ ಎತ್ತುತ್ತದೆ ಎನ್ನೋಣ. ಹಿಂದುಗಡೆ ಬಿಡುವುದು ಎಷ್ಟು? ಎತ್ತಿದ 300, ಎತ್ತಲು ಖರ್ಚಾದ 100, ಒಟ್ಟು 400. ಬಾಗಿಲು ತೆರೆದಿಟ್ಟರೆ ಎದುರಿನಿಂದ 300 ತೆಗೆದು ಹಿಂದಿನಿಂದ ಅದೇ ಕೋಣೆಗೆ 400 ಸುರಿಯುತ್ತದೆ. ಅಡುಗೆಮನೆ ತಂಪಾಗುವ ಬದಲು ಬಿಸಿಯೇ ಆಗುತ್ತದೆ. ಮುಂದೆ ನಿಂತವರಿಗೆ ಸ್ವಲ್ಪ ಹೊತ್ತು ಹಿತವಾದೀತು, ಅಷ್ಟೇ. ಅಮ್ಮ ಬೈಯುವುದು ಸರಿಯಾಗಿದೆ ಪುಟ್ಟಾ! ಎ.ಸಿ. ಮಾತ್ರ ಯಾಕೆ ಕೋಣೆಯನ್ನು ತಂಪು ಮಾಡುತ್ತದೆ? ಅದರ ಹಿಂಬದಿಯನ್ನು ಗೋಡೆಯ ಆಚೆ ಇಟ್ಟಿರುತ್ತಾರೆ.

ಮನೆಯವರಿಗೆ ಎರಡು ಲೆಕ್ಕ

ಫ್ರಿಜ್ಜನ್ನು ಒಲೆಯ ಪಕ್ಕಕ್ಕೆ ಸರಿಸಿ, ಗೋಡೆಗೆ ಒತ್ತಿ ನಿಲ್ಲಿಸಿದ್ದೀರಾ? ಗಾಳಿಯಾಡದೆ ಕೊಳವೆಯ ಬಳಿ 32ರ ಬದಲು 46 ಡಿಗ್ರಿಯಾಯಿತು ಎನ್ನಿ. ಅಂತರ 28 ಇದ್ದದ್ದು 42 ಆಯಿತು. 277ನ್ನು 42ರಿಂದ ಭಾಗಿಸಿದರೆ 6.6. ಆದರ್ಶ ಫ್ರಿಜ್ ಆಗಿದ್ದರೂ ಅಷ್ಟೇ ಬಿಸಿ ಎತ್ತಲು ಒಂದೂವರೆ ಪಟ್ಟು ಕರೆಂಟು ಬೇಕು. ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಲು ಖರ್ಚೇನೂ ಇಲ್ಲ. ಸಾಂಬಾರಿನ ಪಾತ್ರೆ ಹೊಗೆಯಾಡುತ್ತಿರುವಾಗಲೇ ಒಳಗಿಡಬೇಡಿ. ಗಾಳಿಗೆ ತಾನೇ ಬಿಟ್ಟುಕೊಡುವ ಬಿಸಿಯನ್ನು ದುಡ್ಡು ಕೊಟ್ಟು ಎತ್ತಿಸಿದಂತಾಗುತ್ತದೆ.

ಎರಡನೆಯದು ಎ.ಸಿ.ಯದು. ಹೊರಗೆ 37 ಡಿಗ್ರಿ. ಗೋಡೆ, ಕಿಟಕಿಗಳ ಮೂಲಕ ಪ್ರತಿ ಡಿಗ್ರಿ ಅಂತರಕ್ಕೆ ಸೆಕೆಂಡಿಗೆ 100 ಜೂಲ್ ಬಿಸಿ ಒಳಗೆ ನುಸುಳುತ್ತದೆ ಎಂದಿಟ್ಟುಕೊಳ್ಳಿ. ಒಳಗೆ 24 ಡಿಗ್ರಿ ಇಟ್ಟರೆ ಅಂತರ 13, ನುಸುಳುವ ಬಿಸಿ 1,300 ಜೂಲ್. ಕಾರ್ಯಗುಣಾಂಕ 297 ಭಾಗಿಸು 13, ಸುಮಾರು 22.8. ಬೇಕಾದ ಕರೆಂಟು 57 ವ್ಯಾಟ್. ಅದೇ 18 ಡಿಗ್ರಿ ಇಟ್ಟರೆ ಅಂತರ 19, ನುಸುಳುವುದು 1,900 ಜೂಲ್. ಕಾರ್ಯಗುಣಾಂಕ 291 ಭಾಗಿಸು 19, ಸುಮಾರು 15.3. ಕರೆಂಟು 124 ವ್ಯಾಟ್. ಆರು ಡಿಗ್ರಿ ಇಳಿಸಿದ್ದಕ್ಕೆ ಖರ್ಚು ಎರಡು ಪಟ್ಟಿಗಿಂತ ಹೆಚ್ಚಾಯಿತು! ಬಾವಿಯೂ ಆಳವಾಯಿತು, ಎತ್ತಬೇಕಾದ ಕೊಡಗಳೂ ಹೆಚ್ಚಾದವು. ಏಟು ಎರಡು ಕಡೆಯಿಂದ. ಇದು ಆದರ್ಶ ಯಂತ್ರದ ಲೆಕ್ಕ. ಮನೆಯ ಎ.ಸಿ. ಇದಕ್ಕಿಂತ ಹಲವು ಪಟ್ಟು ಕರೆಂಟು ತಿನ್ನುತ್ತದೆ, ಆದರೆ ಖರ್ಚು ಏರುವ ದಿಕ್ಕು ಇದೇ. ಸ್ಟಾರ್ ಗುರುತಿನ ಎ.ಸಿ.ಗಳು ಮೊದಲಿಗೆ 24 ಡಿಗ್ರಿಯಲ್ಲೇ ಚಾಲೂ ಆಗುವಂತಿರಬೇಕು ಎಂದು ನಮ್ಮ ದೇಶದಲ್ಲಿ 2020ರ ಜನವರಿಯಿಂದ ನಿಯಮವಿದೆ. ಅದರ ಹಿಂದಿರುವುದು ಈ ಭಾಗಾಕಾರವೇ.

ಪುಸ್ತಕ ಬರೆದ ಯುವಕನ ಕತೆ ಬಾಕಿ ಉಳಿಯಿತು. ಕಾರ್ನೊನ ಪುಸ್ತಕವನ್ನು ಅವನ ಕಾಲದಲ್ಲಿ ಹೆಚ್ಚುಕಡಿಮೆ ಯಾರೂ ಗಮನಿಸಲಿಲ್ಲ. 1832ರಲ್ಲಿ ಪ್ಯಾರಿಸಿಗೆ ಕಾಲರಾ ಬಂತು. ಆಗಸ್ಟ್ 24ರಂದು ಅವನೂ ಹೋದ. ಆಗ ಅವನಿಗೆ 36 ವರ್ಷ. ಸೋಂಕಿನ ಭಯದಿಂದ ಅವನ ಸಾಮಾನುಗಳ ಜೊತೆ ಬರಹಗಳಲ್ಲೂ ಬಹುಪಾಲು ನಾಶವಾದವು. ಎರಡು ವರ್ಷದ ಮೇಲೆ ಎಮಿಲ್ ಕ್ಲಾಪೆರಾನ್ ಎಂಬ ಎಂಜಿನಿಯರ್ ಅವನ ವಿಚಾರವನ್ನು ಗಣಿತದಲ್ಲಿ ಬರೆದು ಜಗತ್ತಿಗೆ ತಿಳಿಸಿದ. ಅದನ್ನು ಓದಿ ಬೆರಗಾದ ಥಾಮ್ಸನ್ 1845ರಲ್ಲಿ ಮೂಲ ಪುಸ್ತಕಕ್ಕಾಗಿ ಪ್ಯಾರಿಸಿನ ಅಂಗಡಿ ಅಂಗಡಿ ಅಲೆದರೂ ಒಂದು ಪ್ರತಿಯೂ ಸಿಗಲಿಲ್ಲ. ಉಳಿದ ಟಿಪ್ಪಣಿಗಳನ್ನು ತಮ್ಮ ಇಪೊಲಿಟ್ ಜೋಪಾನ ಮಾಡಿ 1878ರಲ್ಲಿ ಅಚ್ಚು ಹಾಕಿಸಿದ. ಬಿಸಿ ಎಂದರೆ ಚಲನೆ ಎಂದು ಅಣ್ಣ ಬರೆದಿಟ್ಟದ್ದು ಲೋಕಕ್ಕೆ ಗೊತ್ತಾದದ್ದು ಹಾಗೆ. ಆ ಪುಸ್ತಕದ ಗೆರೆಯನ್ನು ಇವತ್ತಿನವರೆಗೂ ಯಾವ ಎಂಜಿನ್ನೂ ದಾಟಿಲ್ಲ.

ಈ ವಾರದ ಲೆಕ್ಕ

ಒಂದು: ಬೆಚ್ಚನೆಯ ಸೀಮೆಯ ಕಡಲಲ್ಲಿ ಮೇಲಿನ ನೀರು 27 ಡಿಗ್ರಿ, ಬಹಳ ಆಳದ ನೀರು 7 ಡಿಗ್ರಿ ಇದೆ ಎನ್ನಿ. ಇವೆರಡರ ನಡುವೆ ಆದರ್ಶ ಎಂಜಿನ್ ಓಡಿಸಿದರೆ ದಕ್ಷತೆ ಎಷ್ಟು?

ಎರಡು: 500 ಮತ್ತು 300 ಕೆಲ್ವಿನ್ ನಡುವೆ ಓಡುವ ನಮ್ಮ ಎಂಜಿನ್ನಿನ ದಕ್ಷತೆ ಹೆಚ್ಚಿಸಬೇಕು. ಬಿಸಿಯ ಕಡೆಯನ್ನು 50 ಕೆಲ್ವಿನ್ ಏರಿಸುವುದು ಲಾಭವೋ, ತಣ್ಣನೆಯ ಕಡೆಯನ್ನು 50 ಕೆಲ್ವಿನ್ ಇಳಿಸುವುದು ಲಾಭವೋ? ಮೊದಲು ಊಹೆ ಬರೆಯಿರಿ, ಆಮೇಲೆ ಲೆಕ್ಕ ಮಾಡಿ. ಉತ್ತರದ ಜೊತೆ ನಿಮ್ಮ ಮನೆಯ ಫ್ರಿಜ್ ಹಿಂದೆ ಎಷ್ಟು ಜಾಗ ಬಿಟ್ಟಿದ್ದೀರಿ ಎಂದು ಸ್ಕೇಲಿನಿಂದ ಅಳೆದು ಬರೆಯಲು ಮರೆಯಬೇಡಿ. ಉತ್ತರಗಳನ್ನು ಮುಂದಿನ ವಾರ ನೋಡೋಣ.